ಮಾಳಿಗೆ ಮೇಲಿಂದ ವಾಸ್ಕೋ ಡ ಗಾಮನ ದಾರಿ ಅಳೆಯುವುದು ಹೇಗೆ

ಶಾಲೆಯ ವಸ್ತುಪ್ರದರ್ಶನದಲ್ಲಿ ವಾಸ್ಕೋ ಡ ಗಾಮ ಎಂದರೆ ಥರ್ಮಾಕೋಲ್ ಹಡಗು, ಹಾಯಿಯ ಮೇಲೆ ಕೆಂಪು ಶಿಲುಬೆ, ಪಕ್ಕದಲ್ಲಿ ‘1498, ಕಲ್ಲಿಕೋಟೆ’ ಎಂಬ ಚೀಟಿ. ಬಂದವರು ಫೋಟೋ ತೆಗೆದುಕೊಂಡು ಮುಂದಿನ ಟೇಬಲ್ಲಿಗೆ ಹೋಗುತ್ತಾರೆ. ಹಡಗು ಹೇಗಿತ್ತು ಅನ್ನೋದು ಸಣ್ಣ ವಿಷಯ. ಮೂರು ತಿಂಗಳು ನೆಲವೇ ಕಾಣದಿದ್ದಾಗ ತಾನು ಎಲ್ಲಿದ್ದೇನೆ ಅಂತ ಅವನಿಗೆ ಗೊತ್ತಾಗಿದ್ದು ಹೇಗೆ ಅನ್ನೋದೇ ದೊಡ್ಡದು. ಅದಕ್ಕೆ ಕಡಲು ಬೇಕಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಯಾವ ಮಾಳಿಗೆಯ ಮೇಲಾದರೂ ರಟ್ಟು, ದಾರ, ಒಂದು ನಟ್ಟು ಇದ್ದರೆ ಅದೇ ಅಳತೆಯನ್ನು ಮಾಡಿ ನೋಡಬಹುದು.

ಇದು 8ರಿಂದ 10ನೇ ತರಗತಿಯ ಮಕ್ಕಳಿಗೂ ಅವರ ಮೇಷ್ಟ್ರುಗಳಿಗೂ. ಒಂದು ಸ್ವಚ್ಛ ರಾತ್ರಿ, ಒಂದು ಬಿಸಿಲಿನ ಮಧ್ಯಾಹ್ನ, ಪರಸಿ ಕಲ್ಲು ಹಾಸಿದ ಒಂದು ಹಾಲ್, ಇಷ್ಟು ಸಾಕು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಆಕಾಶ ಚೆನ್ನಾಗಿರುತ್ತದೆ. ಏಪ್ರಿಲ್, ಮೇನಲ್ಲಿ ಧೂಳು ಎದ್ದು ಉತ್ತರದ ಕೆಳಭಾಗ ಮಸುಕಾಗುತ್ತದೆ, ನಮಗೆ ಬೇಕಾದ ನಕ್ಷತ್ರ ಇರುವುದೂ ಅಲ್ಲೇ.

ಕ್ವಾಡ್ರಂಟ್ ಮಾಡುವುದು

ಕ್ವಾಡ್ರಂಟ್ ಎಂದರೆ ನಕ್ಷತ್ರದ ಎತ್ತರವನ್ನು ಡಿಗ್ರಿಯಲ್ಲಿ ಅಳೆಯುವ ಕಾಲು ವೃತ್ತದ ಹಲಗೆ. ಬೈಂಡಿಂಗ್ ಅಂಗಡಿಯ ದಪ್ಪ ರಟ್ಟು ಅಥವಾ 4 ಮಿ.ಮೀ. ಪ್ಲೈವುಡ್ ತೆಗೆದುಕೊಳ್ಳಿ. ಪಾರ್ಸಲ್ ಡಬ್ಬಿಯ ಅಲೆಅಲೆ ರಟ್ಟು ಬೇಡ, ರಾತ್ರಿಯ ತೇವಕ್ಕೆ ಬಾಗುತ್ತದೆ. ಒಂದು ಮೂಲೆ ಸರಿಯಾಗಿ 90 ಡಿಗ್ರಿ ಇರುವಂತೆ ಕತ್ತರಿಸಿ, ಆ ಮೂಲೆಯಿಂದ 30 ಸೆಂ.ಮೀ. ತ್ರಿಜ್ಯದ ಕಾಲು ವೃತ್ತ ಎಳೆಯಿರಿ. ಕಂಪಾಸ್ ಅಷ್ಟು ಅಗಲ ತೆರೆಯುವುದಿಲ್ಲ, ದಾರ ಕಟ್ಟಿ ಎಳೆದರೆ ದಾರ ಜಗ್ಗಿ ವೃತ್ತ ಮೊಟ್ಟೆಯಾಗುತ್ತದೆ. ಒಂದು ರಟ್ಟಿನ ಪಟ್ಟಿಗೆ ಸರಿಯಾಗಿ 30 ಸೆಂ.ಮೀ. ಅಂತರದಲ್ಲಿ ಎರಡು ತೂತು ಮಾಡಿ, ಒಂದರಲ್ಲಿ ಮೊಳೆ, ಇನ್ನೊಂದರಲ್ಲಿ ಪೆನ್ಸಿಲ್ ಇಟ್ಟು ತಿರುಗಿಸಿ.

ಇನ್ನು ಡಿಗ್ರಿ ಗುರುತುಗಳು. 30 ಸೆಂ.ಮೀ. ತ್ರಿಜ್ಯದಲ್ಲಿ ಒಂದು ಡಿಗ್ರಿ 5.2 ಮಿ.ಮೀ. ಅಗಲ ಬರುತ್ತದೆ, ಹಾಗಾಗಿ ಅರ್ಧ ಡಿಗ್ರಿಯನ್ನೂ ಕಣ್ಣಿನಿಂದಲೇ ಓದಬಹುದು. ಸ್ಕೇಲನ್ನು 5 ಮಿ.ಮೀ. ಸರಿಸುತ್ತಾ ಗುರುತು ಹಾಕಿದರೆ ಮಾತ್ರ ಕೊನೆಗೆ ನಾಲ್ಕೈದು ಡಿಗ್ರಿ ತಪ್ಪಿರುತ್ತದೆ. ಮೊದಲು ಅದೇ ಪಟ್ಟಿಯ ಮೊಳೆಯನ್ನು 0 ಗುರುತಿನ ಮೇಲಿಟ್ಟು ಕಮಾನನ್ನು ಕತ್ತರಿಸಿ, ಅದು ಕರಾರುವಾಕ್ 60 ಡಿಗ್ರಿ. 90ರ ಗುರುತಿನ ಮೇಲಿಟ್ಟು ಕತ್ತರಿಸಿದರೆ 30. ಈ ಎರಡು ಸಿಕ್ಕ ಮೇಲೆ ನಡುವಿನದನ್ನು ಕೋನಮಾಪಕ ಇಟ್ಟು ತುಂಬಿಸಿ.

ನೇರ ಅಂಚುಗಳಲ್ಲಿ ಒಂದರ ಉದ್ದಕ್ಕೂ 20 ಸೆಂ.ಮೀ. ಉದ್ದದ ತಂಪುಪಾನೀಯದ ಸ್ಟ್ರಾ ಅಂಟಿಸಿ. 6 ಮಿ.ಮೀ. ಅಗಲದ ಸ್ಟ್ರಾದಲ್ಲಿ ಸುಮಾರು ಒಂದೂಮುಕ್ಕಾಲು ಡಿಗ್ರಿಯಷ್ಟು ಆಕಾಶ ಕಾಣುತ್ತದೆ. ಪೆನ್ನಿನ ರೀಫಿಲ್ ಕೊಳವೆ ಇನ್ನೂ ಸಣ್ಣದು, ನಿಖರ ಇರಬೇಕು ಎಂದು ಅದನ್ನು ಹಾಕುವವರಿಗೆ ನಕ್ಷತ್ರವೇ ಸಿಗುವುದಿಲ್ಲ. ಮೂಲೆಯಲ್ಲಿ, ಅಂದರೆ ವೃತ್ತದ ಕೇಂದ್ರದಲ್ಲಿ, ತೂತು ಮಾಡಿ ತೆಳು ದಾರ ಇಳಿಬಿಟ್ಟು ತುದಿಗೆ ನಟ್ಟು ಕಟ್ಟಿ. ದಾರ ರಟ್ಟಿನ ಕೆಳಗೆ ನಾಲ್ಕು ಬೆರಳು ಇಳಿದಿರಲಿ.

ಎಲ್ಲರೂ ತಪ್ಪುವ ಜಾಗ ಅಂಕಿ ಬರೆಯುವುದು. ಕಣ್ಣು ಇಡುವುದು ಕಮಾನಿನ ಕಡೆಯ ತುದಿಗೆ, ನಕ್ಷತ್ರದ ಕಡೆ ಇರುವುದು ಮೂಲೆ. ಸ್ಟ್ರಾ ಮಟ್ಟವಾಗಿದ್ದಾಗ ದಾರ ಇನ್ನೊಂದು ನೇರ ಅಂಚಿನ ಮೇಲೆ ಬೀಳುತ್ತದೆ, 0 ಅಲ್ಲಿರಬೇಕು. ಸ್ಟ್ರಾ ಇರುವ ಅಂಚಿನಲ್ಲಿ 90. ಉಲ್ಟಾ ಬರೆದರೆ ಕಲಬುರಗಿಯಲ್ಲಿ 17ರ ಬದಲು 73 ಬರುತ್ತದೆ. ಆಗ ರಟ್ಟು ಎಸೆಯಬೇಡಿ, 90ರಿಂದ ಕಳೆದರೆ ಸಾಕು.

ಕೊನೆಯ ಪರೀಕ್ಷೆ: ಗೌಂಡಿಗಳ ಲೆವೆಲ್ ಪೈಪ್ ತರಿಸಿ. ಹತ್ತು ಮೀಟರ್ ದೂರದ ಗೋಡೆಯ ಮೇಲೆ ನಿಮ್ಮ ಕಣ್ಣಿನ ಮಟ್ಟಕ್ಕೆ ನೀರಿನ ಗುರುತು ಹಾಕಿ, ಸ್ಟ್ರಾದಿಂದ ಅದನ್ನು ನೋಡಿ. ದಾರ 0 ಮೇಲೆ ನಿಲ್ಲಬೇಕು. ಅರ್ಧ ಡಿಗ್ರಿ ಆಚೀಚೆ ನಿಂತರೆ ಅದು ನಿಮ್ಮ ಉಪಕರಣದ ಖಾಯಂ ತಪ್ಪು, ರಟ್ಟಿನ ಮೇಲೇ ಬರೆದಿಟ್ಟುಕೊಂಡು ಪ್ರತಿ ಓದಿನಿಂದ ಕಳೆಯಿರಿ ಅಥವಾ ಕೂಡಿಸಿ.

ಧ್ರುವ ನಕ್ಷತ್ರದ ಎತ್ತರ

ಧ್ರುವ ನಕ್ಷತ್ರ ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ಆ ಊರಿನ ಅಕ್ಷಾಂಶ. ಕಲಬುರಗಿ 17.3, ಬೀದರ್ 17.9, ಯಾದಗಿರಿ 16.8. ಅಂದರೆ ನಕ್ಷತ್ರ ಬಹಳ ಕೆಳಗೇ ಇದೆ. ಚಾಚಿದ ಕೈಯಲ್ಲಿ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಎರಡು ಮುಷ್ಟಿಗಿಂತ ಸ್ವಲ್ಪ ಕಡಿಮೆ. ಉತ್ತರಕ್ಕೆ ಎರಡಂತಸ್ತಿನ ಮನೆ ಇದ್ದರೆ ಮುಗಿಯಿತು, ಬೇರೆ ಮಾಳಿಗೆ ನೋಡಿ.

ಅದು ಆಕಾಶದ ಅತಿ ಪ್ರಕಾಶದ ನಕ್ಷತ್ರ ಅನ್ನುವ ನಂಬಿಕೆ ತುಂಬ ಜನರಲ್ಲಿದೆ. ಅಲ್ಲ, ಸಾಧಾರಣ ಮಿನುಗು. ಏಪ್ರಿಲ್, ಮೇ ರಾತ್ರಿ 9ಕ್ಕೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕಿರುತ್ತದೆ. ಅದರ ಚೌಕದ ಹೊರ ಅಂಚಿನ ಪುಲಹ, ಕ್ರತು ಎರಡನ್ನೂ ಕೂಡಿಸಿ, ಅವುಗಳ ನಡುವಿನ ಅಂತರದ ಐದು ಪಟ್ಟು ಮುಂದೆ ಎಳೆದರೆ ಧ್ರುವ. ನವೆಂಬರ್, ಡಿಸೆಂಬರಿನ ಸಂಜೆ ಸಪ್ತರ್ಷಿ ಕ್ಷಿತಿಜದ ಕೆಳಗಿರುತ್ತದೆ, ಆಗ ಇಂಗ್ಲಿಷಿನ ಎಂ ಅಕ್ಷರದ ಆಕಾರದ ಕ್ಯಾಸಿಯೋಪಿಯ ಹಿಡಿದು ಹುಡುಕಬೇಕು. ಮೊಬೈಲಿನ ದಿಕ್ಸೂಚಿ ನೆರವಾಗುತ್ತದೆ, ಆದರೆ ಮಾಳಿಗೆಯ ಮೇಲೆ ಎದ್ದುನಿಂತ ಕಾಲಂ ಸರಳುಗಳ ಹತ್ತಿರ ಹಿಡಿದರೆ ಅದು ಎತ್ತೆತ್ತಲೋ ತೋರಿಸುತ್ತದೆ.

ಇಬ್ಬರು ಬೇಕು. ಒಬ್ಬರು ಸ್ಟ್ರಾದಲ್ಲಿ ನಕ್ಷತ್ರ ಹಿಡಿದು ‘ಆಯ್ತು’ ಎಂದ ಕೂಡಲೇ ಇನ್ನೊಬ್ಬರು ದಾರವನ್ನು ರಟ್ಟಿಗೆ ಒತ್ತಿ ಹಿಡಿಯಬೇಕು. ಆಮೇಲೆ ಟಾರ್ಚ್ ಹಾಕಿ ಓದಿ. ಟಾರ್ಚ್ ಮೊದಲೇ ಹಾಕಿದರೆ ಕಣ್ಣಿನ ಕತ್ತಲ ಹೊಂದಾಣಿಕೆ ಹೋಗಿ ಮತ್ತೆ ಹತ್ತು ನಿಮಿಷ ಕಾಯಬೇಕು. ಗಾಳಿಗೆ ದಾರ ತೂಗುತ್ತಿದ್ದರೆ ನಟ್ಟನ್ನು ನೀರು ತುಂಬಿದ ಲೋಟದೊಳಗೆ ಇಳಿಬಿಡಿ, ಒಂದೆರಡು ಉಸಿರಿನಲ್ಲಿ ನಿಲ್ಲುತ್ತದೆ. ಹತ್ತು ಸಲ ಓದಿ ಸರಾಸರಿ ತೆಗೆಯಿರಿ. ಬೇಕಾದ ಉತ್ತರ ಮೊದಲೇ ಗೊತ್ತಿರುವುದರಿಂದ ಮಕ್ಕಳು 17ರ ಹತ್ತಿರದ್ದನ್ನು ಮಾತ್ರ ಬರೆದುಕೊಳ್ಳುತ್ತಾರೆ. ಓದುವವರಿಗೆ ಹಿಂದಿನ ಅಂಕಿ ಕಾಣದಂತೆ ಮೂರನೆಯವರ ಕೈಗೆ ಪಟ್ಟಿ ಕೊಡಿ.

18 ಬಂದರೂ ತಪ್ಪೇನಲ್ಲ. ಧ್ರುವ ನಕ್ಷತ್ರ ನಿಜವಾದ ಧ್ರುವ ಬಿಂದುವಿನಿಂದ ಈಗ ಸುಮಾರು 0.6 ಡಿಗ್ರಿ ದೂರದಲ್ಲಿ ಸುತ್ತುತ್ತದೆ, ಹೊತ್ತಿಗೆ ತಕ್ಕಂತೆ ಅಷ್ಟು ಏರಿಳಿತ ಇದ್ದದ್ದೇ. ಗಾಮನ ಕಾಲಕ್ಕೆ ಈ ದೂರ ಸುಮಾರು ಮೂರೂವರೆ ಡಿಗ್ರಿ ಇತ್ತು. ಹಾಗಾಗಿ ಆಗಿನ ನಾವಿಕರು ನಕ್ಷತ್ರವನ್ನು ಅಳೆದ ಮೇಲೆ ಪಕ್ಕದ ‘ಕಾವಲು’ ಎನ್ನುವ ಎರಡು ನಕ್ಷತ್ರಗಳು ಯಾವ ದಿಕ್ಕಿನಲ್ಲಿವೆ ಎಂದು ನೋಡಿ ಇಷ್ಟು ಕೂಡಿಸು, ಇಷ್ಟು ಕಳೆ ಎಂಬ ಕೋಷ್ಟಕ ಬಳಸುತ್ತಿದ್ದರು. ಒಂದು ಡಿಗ್ರಿ ತಪ್ಪಿದರೆ ಉತ್ತರ ದಕ್ಷಿಣವಾಗಿ 111 ಕಿ.ಮೀ. ತಪ್ಪಿದಂತೆ. ನಮ್ಮ ಮೂರು ಊರುಗಳಲ್ಲಿ ಒಂದರಿಂದ ಮುಂದಿನದಕ್ಕೆ ಇರುವ ವ್ಯತ್ಯಾಸವೇ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಒಂದೇ ರಾತ್ರಿ ಒಂದೇ ಹೊತ್ತಿಗೆ ಬೀದರಿನ ಒಂದು ಶಾಲೆ, ಯಾದಗಿರಿಯ ಒಂದು ಶಾಲೆ ಅಳೆದು ಫೋನಿನಲ್ಲಿ ಅಂಕಿ ಹೇಳಿಕೊಂಡರೆ ಒಂದು ಡಿಗ್ರಿಗಿಂತ ಕೊಂಚ ಹೆಚ್ಚು ವ್ಯತ್ಯಾಸ ಬರಬೇಕು. ಬಂದರೆ ನಿಮ್ಮ ರಟ್ಟು ಒಳ್ಳೆಯದು.

ನಕ್ಷತ್ರ ಮುಳುಗಿದ ಮೇಲೆ: ಸೂರ್ಯ

ಸಮಭಾಜಕ ವೃತ್ತ ದಾಟಿದರೆ ಧ್ರುವ ನಕ್ಷತ್ರವೇ ಇಲ್ಲ. ಗಾಮನ ಪಯಣದ ಬಹುಪಾಲು ಅಲ್ಲೇ ನಡೆದದ್ದು. 1485ರ ಹೊತ್ತಿಗೆ ಪೋರ್ಚುಗೀಸರು ಗಿನಿ ತೀರಕ್ಕೆ ಜೋಸೆ ವಿಜಿನ್ಯೊನನ್ನು ಕಳಿಸಿ ಸೂರ್ಯನ ಎತ್ತರದಿಂದ ಅಕ್ಷಾಂಶ ತೆಗೆಯುವ ಪದ್ಧತಿಯನ್ನು ಪರೀಕ್ಷಿಸಿದ್ದರು. ಅದಕ್ಕೆ ಬೇಕಾದ, ಖಗೋಳಜ್ಞ ಅಬ್ರಹಾಂ ಜಕುಟೋನ ಕೋಷ್ಟಕಗಳು 1496ರಲ್ಲಿ ಪೋರ್ಚುಗಲ್ಲಿನಲ್ಲಿ ಅಚ್ಚಾದವು. ಮರುವರ್ಷವೇ ಗಾಮ ಹೊರಟ.

ಸೂರ್ಯನನ್ನು ಸ್ಟ್ರಾದಲ್ಲಿ ನೋಡುವುದು ಬೇಡವೇ ಬೇಡ, ಕಣ್ಣು ಹೋಗುತ್ತದೆ. ಇದನ್ನು ಮಕ್ಕಳಿಗೆ ಒಂದು ಸಲ ಹೇಳಿ ಬಿಡುವಂತಿಲ್ಲ, ಅಂದಿನ ಮಧ್ಯಾಹ್ನ ಸ್ಟ್ರಾ ಇರುವ ರಟ್ಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ನಾವು ನೆರಳು ಅಳೆಯುತ್ತೇವೆ.

ಮಟ್ಟವಾದ ನೆಲದ ಮೇಲೆ 1 ಮೀಟರ್ ಕೋಲನ್ನು ತೂಕದ ದಾರ ಹಿಡಿದು ನೆಟ್ಟಗೆ ನಿಲ್ಲಿಸಿ. ಬರೀ ಕೋಲಾದರೆ ನೆರಳಿನ ತುದಿ ಒಂದು ಸೆಂ.ಮೀ.ನಷ್ಟು ಮಸುಕಾಗಿರುತ್ತದೆ, ಏಕೆಂದರೆ ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಕೋಲಿನ ತಲೆಗೆ ಒಂದು ರಟ್ಟಿನ ತುಂಡು ಅಂಟಿಸಿ, ಅದರಲ್ಲಿ 5 ಮಿ.ಮೀ. ತೂತು ಮಾಡಿ. ನೆಲದ ಮೇಲೆ ಬೆಳಕಿನ ಚುಕ್ಕೆ ಬೀಳುತ್ತದೆ, ಅದರ ನಡುವನ್ನು ಗುರುತಿಸಿ. ಎತ್ತರವನ್ನು ನೆಲದಿಂದ ತೂತಿಗೆ ಅಳೆಯಬೇಕು, ಕೋಲಿನ ತುದಿಗಲ್ಲ. ನೆರಳನ್ನೂ ತೂತಿನ ನೇರ ಕೆಳಗಿನ ಬಿಂದುವಿನಿಂದಲೇ ಅಳೆಯಬೇಕು.

ಗಡಿಯಾರದ 12ಕ್ಕೆ ಇಲ್ಲಿ ನಡುಮಧ್ಯಾಹ್ನ ಆಗುವುದಿಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕಲಬುರಗಿ ಇರುವುದು 76.8ರಲ್ಲಿ. ಆ ಅಂತರಕ್ಕೇ ಸುಮಾರು 23 ನಿಮಿಷ ತಡ. ಅದರ ಮೇಲೆ ಋತುವಿನ ವ್ಯತ್ಯಾಸ ಸೇರಿ ನವೆಂಬರ್ ಮೊದಲ ವಾರ 12.06ಕ್ಕೆ, ಫೆಬ್ರವರಿ ನಡುವೆ 12.37ಕ್ಕೆ ಸೂರ್ಯ ಅತಿ ಎತ್ತರ ಮುಟ್ಟುತ್ತಾನೆ. ಬೀದರಿನಲ್ಲಿ ಇದಕ್ಕಿಂತ ಮೂರು ನಿಮಿಷ, ಯಾದಗಿರಿಯಲ್ಲಿ ಒಂದು ನಿಮಿಷ ಮೊದಲು. ಈ ಲೆಕ್ಕ ತಲೆಯಲ್ಲಿಟ್ಟುಕೊಳ್ಳುವ ಅಗತ್ಯವಿಲ್ಲ: 11.50ರಿಂದ 12.50ರವರೆಗೆ ಐದೈದು ನಿಮಿಷಕ್ಕೆ ಚುಕ್ಕೆ ಗುರುತು ಮಾಡಿ, ಅತಿ ಚಿಕ್ಕ ನೆರಳನ್ನು ತೆಗೆದುಕೊಳ್ಳಿ. ಆ ನೆರಳಿನ ಗೆರೆಯೇ ನಿಜವಾದ ಉತ್ತರ ದಕ್ಷಿಣ.

ಫೆಬ್ರವರಿ 28, ವಿಜ್ಞಾನ ದಿನಾಚರಣೆಗೆ ಶಾಲೆಗಳಲ್ಲಿ ಹೇಗೂ ಕಾರ್ಯಕ್ರಮ ಇರುತ್ತದೆ, ಆ ದಿನದ ಲೆಕ್ಕ ನೋಡಿ. ಕಲಬುರಗಿಯಲ್ಲಿ 12.35ರ ಸುಮಾರಿಗೆ 1 ಮೀಟರಿಗೆ 47.3 ಸೆಂ.ಮೀ. ನೆರಳು ಬೀಳಬೇಕು. ನೆರಳನ್ನು ಎತ್ತರದಿಂದ ಭಾಗಿಸಿ ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ಇನ್ವರ್ಸ್ ಒತ್ತಿದರೆ 25.3. ಅಂದರೆ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಅಷ್ಟು ಡಿಗ್ರಿ ವಾಲಿದ್ದಾನೆ. ಅದರಲ್ಲಿ 8 ಡಿಗ್ರಿ ಸೂರ್ಯನ ಪಾಲು, ಆ ದಿನ ಅವನು ಸಮಭಾಜಕದಿಂದ ಅಷ್ಟು ದಕ್ಷಿಣಕ್ಕಿರುತ್ತಾನೆ, ಪಂಚಾಂಗದವರು ಇದನ್ನೇ ಕ್ರಾಂತಿ ಎನ್ನುವುದು. ಉಳಿದ 17.3 ನಮ್ಮ ಊರಿನ ಪಾಲು. ನೆರಳಿನಲ್ಲಿ 1 ಸೆಂ.ಮೀ. ತಪ್ಪಿದರೆ ಉತ್ತರದಲ್ಲಿ ಅರ್ಧ ಡಿಗ್ರಿ ತಪ್ಪುತ್ತದೆ. ಟ್ರಿಗ್ನಾಮೆಟ್ರಿ ಕಲಿಯದ ಮಕ್ಕಳಿಗೆ ಹತ್ತನೇ ಒಂದು ಪ್ರಮಾಣದಲ್ಲಿ ತ್ರಿಕೋನ ಬರೆಸಿ ಕೋನಮಾಪಕದಿಂದ ಅಳೆಸಿ, ಚೆನ್ನಾಗಿಯೇ ಬರುತ್ತದೆ.

ಬೇರೆ ದಿನಗಳ ಕ್ರಾಂತಿ: ಅಕ್ಟೋಬರ್ 15ಕ್ಕೆ ದಕ್ಷಿಣ 8.5, ನವೆಂಬರ್ 1ಕ್ಕೆ 14.4, ನವೆಂಬರ್ 15ಕ್ಕೆ 18.5, ಡಿಸೆಂಬರ್ 1ಕ್ಕೆ 21.8, ಡಿಸೆಂಬರ್ 22ಕ್ಕೆ 23.4, ಜನವರಿ 15ಕ್ಕೆ 21.2, ಫೆಬ್ರವರಿ 1ಕ್ಕೆ 17.2. ಮಾರ್ಚ್ 21ರ ಸುಮಾರಿಗೆ ಸೊನ್ನೆ. ಆಮೇಲೆ ಉತ್ತರಕ್ಕೆ ಸರಿಯುತ್ತಾನೆ, ಏಪ್ರಿಲ್ 1ಕ್ಕೆ 4.5, ಏಪ್ರಿಲ್ 15ಕ್ಕೆ 9.7. ಈಗ ಕಳೆಯುವ ಬದಲು ಕೂಡಿಸಬೇಕು. ಮೇ 9, 10ರ ಸುಮಾರಿಗೆ ಕಲಬುರಗಿಯಲ್ಲಿ ನೆರಳೇ ಬೀಳುವುದಿಲ್ಲ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಆಗ ಕ್ರಾಂತಿಯಿಂದ ನೆರಳಿನ ಕೋನವನ್ನು ಕಳೆಯಬೇಕು. ನೆರಳು ಯಾವ ಕಡೆ ಬಿತ್ತು ಎಂದು ಬರೆದುಕೊಳ್ಳದೆ ಬರೀ ಉದ್ದ ಬರೆದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಗಾಮನದೇ ಲೆಕ್ಕ ಒಂದನ್ನು ಮಕ್ಕಳಿಗೆ ಕೊಡಿ. 1497ರ ನವೆಂಬರ್ 4ರಂದು ಆಫ್ರಿಕಾದ ನೈಋತ್ಯ ತೀರ ಕಂಡಿತು, ಕೆಲ ದಿನಗಳಲ್ಲಿ ಈಗಿನ ಸೇಂಟ್ ಹೆಲೆನಾ ಕೊಲ್ಲಿಯಲ್ಲಿ ಲಂಗರು ಬಿತ್ತು. ತೂಗುವ ಹಡಗಿನ ಮೇಲೆ ಅಳತೆ ಕೈಗೆ ನಿಲ್ಲದ್ದರಿಂದ ದೊಡ್ಡ ಮರದ ಆಸ್ಟ್ರೋಲೇಬನ್ನು (ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ದುಂಡನೆಯ ಉಪಕರಣ) ದಡಕ್ಕೆ ಇಳಿಸಿ ಸೂರ್ಯನನ್ನು ಅಳೆದರು. ಆ ಕೊಲ್ಲಿ ದಕ್ಷಿಣ 32¾ ಡಿಗ್ರಿಯಲ್ಲಿದೆ. ನವೆಂಬರ್ 8 ಎಂದುಕೊಂಡರೆ ಸೂರ್ಯ ಯಾವ ಎತ್ತರದಲ್ಲಿದ್ದಿರಬೇಕು? ಇಲ್ಲೊಂದು ತೊಡಕಿದೆ: ಆ ದಿನಾಂಕಗಳೆಲ್ಲ ಹಳೆಯ ಜೂಲಿಯನ್ ಕ್ಯಾಲೆಂಡರಿನವು, ಈಗಿನದಕ್ಕೆ ತರಲು 9 ದಿನ ಕೂಡಿಸಬೇಕು. ನವೆಂಬರ್ 17ರ ಕ್ರಾಂತಿ ದಕ್ಷಿಣ 19, ಹಾಗಾಗಿ ಸೂರ್ಯ ನೆತ್ತಿಯಿಂದ 13¾ ಡಿಗ್ರಿ ಉತ್ತರಕ್ಕೆ, ಕ್ಷಿತಿಜದಿಂದ ಸುಮಾರು 76 ಡಿಗ್ರಿ ಮೇಲೆ.

ಕಮಾಲ್

ಅರಬ್ಬಿ ಸಮುದ್ರದ ನಾವಿಕರ ಉಪಕರಣ ಇನ್ನೂ ಸರಳ: ಒಂದು ಹಲಗೆ ತುಂಡು, ನಡುವಿನಿಂದ ಹೊರಟ ಗಂಟಿನ ದಾರ. ಹಲಗೆಯ ಕೆಳ ಅಂಚು ಕ್ಷಿತಿಜಕ್ಕೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ತಾಗುವವರೆಗೆ ಹಲಗೆಯನ್ನು ಹಿಂದೆ ಮುಂದೆ ಮಾಡಿ, ಯಾವ ಗಂಟಿಗೆ ಸರಿಹೋಯಿತೋ ಅದೇ ಊರು. ನಾವಿಕ ತನ್ನ ಬಂದರಿನ ಗಂಟು ಸಿಗುವವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಹೋಗಿ, ಆಮೇಲೆ ಆ ಎತ್ತರ ಬಿಡದೆ ನೇರ ಹಾಯಿಸಿದರೆ ಬಂದರು ಎದುರಾಗುತ್ತದೆ.

10 ಸೆಂ.ಮೀ. ಎತ್ತರದ ಹಲಗೆಗೆ ದೂರಗಳು ಇಷ್ಟು: ಕಲ್ಲಿಕೋಟೆ 50.8 ಸೆಂ.ಮೀ., ಕಾರವಾರದ ಎದುರಿನ ಅಂಜದೀವ 38.6, ಯಾದಗಿರಿ 33.9, ಕಲಬುರಗಿ 32.8, ಬೀದರ್ 31.7. ಗಂಟು ಹಾಕಿದರೆ ಒಂದೊಂದೂ ಒಂದಿಷ್ಟು ದಾರ ನುಂಗಿ ಮುಂದಿನ ಅಳತೆಯೆಲ್ಲ ಸರಿಯುತ್ತದೆ. ಬಿಗಿಯಾಗಿ ಜಾರುವ ಮಣಿ ಪೋಣಿಸಿ, ಅಳೆದು, ಒಂದು ಹನಿ ಫೆವಿಕ್ವಿಕ್ ಹಾಕಿ. ದಾರ ಚಪ್ಪಲಿ ಹೊಲಿಯುವವರ ಮೇಣದ ದಾರವಾದರೆ ಉತ್ತಮ, ನೈಲಾನ್ ಜಗ್ಗುತ್ತದೆ. ಮಣಿಯನ್ನು ಹಲ್ಲಿನಲ್ಲಿ ಕಚ್ಚುವುದು ಹಳೆಯ ಪದ್ಧತಿ, ಆದರೆ ನಮ್ಮ ಲೆಕ್ಕ ಕಣ್ಣಿನಿಂದ ಮಾಡಿದ್ದು, ಆದ್ದರಿಂದ ಕಣ್ಣಿನ ಕೆಳಗಿನ ಕೆನ್ನೆಮೂಳೆಗೆ ಒತ್ತಿ ಹಿಡಿಯಿರಿ.

ಕಮಾಲಿಗೆ ಕ್ಷಿತಿಜ ಬೇಕು, ನಮಗೆ ಕಡಲಿಲ್ಲ. ತೊಗರಿ ಕೊಯ್ದ ಮೇಲೆ ಊರ ಹೊರಗಿನ ಎರೆಹೊಲ ಸಾಕಷ್ಟು ಮಟ್ಟಸವಾಗಿ ಕಾಣುತ್ತದೆ. ಆದರೂ ಅರ್ಧ ಕಿ.ಮೀ. ದೂರದಲ್ಲಿ 5 ಮೀಟರ್ ಎತ್ತರದ ಮರದ ಸಾಲಿದ್ದರೆ ಅರ್ಧ ಡಿಗ್ರಿಯ ಹತ್ತಿರ ತಪ್ಪು ನುಗ್ಗುತ್ತದೆ, ಬೀದರ್ ಕಲಬುರಗಿ ಕಲಸಿಹೋಗುತ್ತವೆ. ಮಾಳಿಗೆಯಲ್ಲಾದರೆ ಲೆವೆಲ್ ಪೈಪಿನಿಂದ ಉತ್ತರದ ಕಡೆ ಹತ್ತು ಮೀಟರ್ ದೂರದ ಕಂಬಕ್ಕೆ ಕಣ್ಣಿನ ಮಟ್ಟದಲ್ಲಿ ಸಣ್ಣ ದೀಪ ಕಟ್ಟಿ, ಅದನ್ನೇ ಕ್ಷಿತಿಜ ಎಂದುಕೊಳ್ಳಿ.

ನೆಲದ ಮೇಲೆ ದಾರಿ

ಗೋಡೆಯ ನಕಾಶೆಗಿಂತ ನೆಲದ ನಕಾಶೆ ಒಳ್ಳೆಯದು, ಅದರ ಮೇಲೆ ನಡೆಯಬಹುದು. ನಮ್ಮ ಕಡೆಯ ಶಾಲೆಗಳಲ್ಲಿ ಶಹಾಬಾದ್ ಪರಸಿ ಹಾಸಿರುವುದರಿಂದ ಚೌಕಳಿ ಎಳೆಯುವ ಕೆಲಸವೇ ಇಲ್ಲ. ಒಂದು ಪರಸಿಗೆ 5 ಡಿಗ್ರಿ. ಪೂರ್ವ ಪಶ್ಚಿಮ 22 ಕಲ್ಲು, ಉತ್ತರ ದಕ್ಷಿಣ 16 ಕಲ್ಲು ಬೇಕು. ಎಡಗಡೆಯಿಂದ 6 ಕಲ್ಲು, ಕೆಳಗಿನಿಂದ 8 ಕಲ್ಲು ಎಣಿಸಿದ ಮೂಲೆಯೇ ಸೊನ್ನೆ ಸೊನ್ನೆ, ಆಫ್ರಿಕಾದ ಬಗಲಿನ ಗಿನಿ ಕೊಲ್ಲಿ. ಕಲ್ಲುಗಳು ಚೌಕವಾಗಿರಬೇಕು. ಒಂದರ ಸಂದು ಬಿಟ್ಟು ಒಂದರಂತೆ ಹಾಸಿದ್ದರೆ ಬಳಪದ ಗೆರೆಯೇ ಗತಿ. ಆಯಿಲ್ ಪೇಂಟ್ ಬೇಡ. ಒದ್ದೆ ಬಳಪ ಎದ್ದು ಕಾಣುತ್ತದೆ, ಒರೆಸಿದರೆ ಹೋಗುತ್ತದೆ.

ಗುರುತಿಸಬೇಕಾದ ಜಾಗ, ದಿನ:

ಲಿಸ್ಬನ್, ಉತ್ತರ 38¾, ಪಶ್ಚಿಮ 9. 1497 ಜುಲೈ 8.
ಸಾಂಟಿಯಾಗೋ, ಕೇಪ್ ವರ್ಡ್ ದ್ವೀಪ, ಉತ್ತರ 15, ಪಶ್ಚಿಮ 23½. ಆಗಸ್ಟ್ 3ಕ್ಕೆ ಹೊರಟದ್ದು.
ಸೇಂಟ್ ಹೆಲೆನಾ ಕೊಲ್ಲಿ, ದಕ್ಷಿಣ 32¾, ಪೂರ್ವ 18. ನವೆಂಬರ್ 4ಕ್ಕೆ ನೆಲ ಕಂಡದ್ದು.
ಗುಡ್ ಹೋಪ್ ಭೂಶಿರ, ದಕ್ಷಿಣ 34⅓, ಪೂರ್ವ 18½. ನವೆಂಬರ್ 22.
ಮೊಸೆಲ್ ಕೊಲ್ಲಿ, ದಕ್ಷಿಣ 34, ಪೂರ್ವ 22. ಸಾಮಾನಿನ ಹಡಗನ್ನು ಇಲ್ಲಿ ಕಳಚಿದರು.
ಮೊಜಾಂಬಿಕ್ ದ್ವೀಪ, ದಕ್ಷಿಣ 15, ಪೂರ್ವ 40¾. 1498 ಮಾರ್ಚ್.
ಮೊಂಬಾಸಾ, ದಕ್ಷಿಣ 4, ಪೂರ್ವ 39¾. ಏಪ್ರಿಲ್ 7.
ಮಾಲಿಂಡಿ, ದಕ್ಷಿಣ 3¼, ಪೂರ್ವ 40. ಏಪ್ರಿಲ್ 24ಕ್ಕೆ ಹೊರಟದ್ದು.
ಕಲ್ಲಿಕೋಟೆ, ಉತ್ತರ 11¼, ಪೂರ್ವ 75¾. ಮೇ 20.

ದಾರಿಯನ್ನು ಎರಡು ಬಣ್ಣದಲ್ಲಿ ಎಳೆಯಿರಿ, ಇದೇ ಇಡೀ ಪ್ರದರ್ಶನದ ಜೀವ. ಸಾಂಟಿಯಾಗೋದಿಂದ ಸೇಂಟ್ ಹೆಲೆನಾ ಕೊಲ್ಲಿವರೆಗೆ 93 ದಿನ. ತೀರ ಹಿಡಿದು ಹೋಗಿದ್ದರೆ ಎದುರು ಗಾಳಿ, ಎದುರು ಪ್ರವಾಹ. ಅದಕ್ಕೆ ಗಾಮ ದಕ್ಷಿಣ ಅಟ್ಲಾಂಟಿಕ್ಕಿನೊಳಗೆ ಪಶ್ಚಿಮಕ್ಕೆ ದೊಡ್ಡದಾಗಿ ಬಳಸಿಕೊಂಡು ಹೋಗಿ, ಕೆಳಗಿನ ಪಶ್ಚಿಮದ ಗಾಳಿ ಹಿಡಿದು ಆಫ್ರಿಕಾದ ಕಡೆ ತಿರುಗಿದ. ಕೊಲಂಬಸ್ 1492ರಲ್ಲಿ ಕ್ಯಾನರಿ ದ್ವೀಪಗಳನ್ನು ಬಿಟ್ಟು ನೆಲ ಕಾಣುವುದಕ್ಕೆ ಹಿಡಿದದ್ದು 36 ದಿನ. ಆ ಬಳಸಿನ ದಿನದಿನದ ಸ್ಥಾನ ದಾಖಲಾಗಿಲ್ಲ, ಹಾಗಾಗಿ ತುಂಡು ಗೆರೆಯಲ್ಲಿ ಎಳೆಯಿರಿ. ಗಾಮ ನಿಜವಾಗಿ ಹೊಸದಾಗಿ ಮಾಡಿದ್ದು ಈ ಬಳಸು, ಜೊತೆಗೆ ಭೂಶಿರದ ಆಚೆಯ ತೀರವನ್ನು ಮುಂದುವರಿಸಿದ್ದು. ಭೂಶಿರವನ್ನು 1488ರಲ್ಲೇ ಬಾರ್ತೊಲೊಮ್ಯು ಡಯಾಸ್ ಸುತ್ತಿದ್ದ.

ಮಾಲಿಂಡಿಯಿಂದ ಕಲ್ಲಿಕೋಟೆಗೆ ಬೇರೆ ಬಣ್ಣ. ಈ ದಾರಿ ಅರಬರು, ಗುಜರಾತಿಗಳು, ಆಫ್ರಿಕಾ ತೀರದವರು ಶತಮಾನಗಳಿಂದ ಓಡಾಡಿದ್ದು. ಗಾಮನಿಗೆ ಮಾಲಿಂಡಿಯಲ್ಲಿ ದಾರಿ ಬಲ್ಲ ಚುಕ್ಕಾಣಿಗ ಸಿಕ್ಕ. ಅವನು ಇಬ್ನ್ ಮಾಜಿದ್ ಎಂದು ಬಹಳ ಕಡೆ ಬರೆದಿರುತ್ತಾರೆ, ಆ ಮಾತಿಗೆ ಗಟ್ಟಿ ಆಧಾರವಿಲ್ಲ. ಪೋರ್ಚುಗೀಸ್ ಇತಿಹಾಸಕಾರ ಬಾರೊಸ್ ಅವನನ್ನು ಗುಜರಾತಿನ ಮುಸ್ಲಿಮ್ ಎನ್ನುತ್ತಾನೆ. ಪೋಸ್ಟರಿನಲ್ಲಿ ಹೆಸರು ಹಾಕಬೇಡಿ.

ಸುಮಾರು 4,270 ಕಿ.ಮೀ.ನ ಆ ಕಡಲು ದಾಟಿ 23 ದಿನಕ್ಕೆ ನೆಲ ಕಂಡಿತು. ವಾಪಸಾಗುವಾಗ ಅದೇ ಕಡಲಿಗೆ 89 ದಿನ ಹಿಡಿಯಿತು. ಕಾರಣ ಗಾಳಿ. ಮೇ 20ಕ್ಕೆ 9 ದಿನ ಕೂಡಿಸಿ, ಮೇ 29 ಬರುತ್ತದೆ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ನೈಋತ್ಯ ಗಾಳಿ ಹಿಂದಿನಿಂದ ನೂಕುತ್ತಿತ್ತು. ವಾಪಸಾಗುವಾಗ ಆಗಸ್ಟ್ 29ಕ್ಕೆ ಕಲ್ಲಿಕೋಟೆ ಬಿಟ್ಟು, ತೀರದಗುಂಟ ಬಂದು, ಅಂಜದೀವದಲ್ಲಿ (ಉತ್ತರ 14¾, ಪೂರ್ವ 74) ಹಡಗು ತಿಕ್ಕಿ ತೊಳೆದು, ಅಕ್ಟೋಬರ್ 5ಕ್ಕೆ ಹೊರಟರು. ಒಂದು ಗಾಳಿ ಮುಗಿದಿತ್ತು, ಇನ್ನೊಂದು ಪೂರ್ತಿ ಶುರುವಾಗಿರಲಿಲ್ಲ. ಮೊಗಾದಿಶು (ಉತ್ತರ 2, ಪೂರ್ವ 45⅓) ಕಂಡದ್ದು 1499ರ ಜನವರಿ 2ಕ್ಕೆ. ಈ ಎರಡು ಗೆರೆಗಳ ಮೇಲೆ ದಿನಕ್ಕೊಂದು ತೊಗರಿ ಕಾಳು ಇಡಿಸಿ: ಹೋಗುವಾಗ 23, ಬರುವಾಗ 89. ಹೋಗುವ ಗೆರೆಯಲ್ಲಿ ಅಂಗೈ ಅಗಲಕ್ಕೊಂದು ಕಾಳು, ಬರುವ ಗೆರೆಯಲ್ಲಿ ಒತ್ತೊತ್ತಾಗಿ ಕಾಳು. ಬಾಯಿಂದ ವಿವರಿಸುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಆ 89 ದಿನದಲ್ಲಿ ಸುಮಾರು 30 ಜನ ಸತ್ತರು. ವಸಡು ಊದಿ ಹಲ್ಲು ಮುಚ್ಚುವ, ಕೈಕಾಲು ಬಾಯುವ ರೋಗ, ವಿಟಮಿನ್ ಸಿ ಇಲ್ಲದ್ದರಿಂದ ಬರುವ ಸ್ಕರ್ವಿ. ಮಾಲಿಂಡಿ ಮುಟ್ಟಿದ ಕೂಡಲೇ ರೋಗಿಗಳಿಗಾಗಿ ಕಿತ್ತಳೆ ತರಿಸಿದರು. ಕಾರಣ ಗೊತ್ತಿಲ್ಲದಿದ್ದರೂ ಮದ್ದು ಅಂದಾಜಾಗಿತ್ತು. ಹಡಗು ನಡೆಸಲು ಜನ ಸಾಲದೆ ‘ಸಾವ್ ರಫಾಯೆಲ್’ ಅನ್ನು ಮಾಲಿಂಡಿ ಬಿಟ್ಟ ಮೇಲೆ ದಾರಿಯಲ್ಲಿ ಸುಟ್ಟರು. ಹೊರಟಾಗ 4 ಹಡಗು, ಸುಮಾರು 170 ಜನ. ವಾಪಸು ಮುಟ್ಟಿದ್ದು 2 ಹಡಗು, ಜನ ಸುಮಾರು ಮೂರನೇ ಒಂದು ಪಾಲು. ಕಾಳುಗಳ ಪಕ್ಕದಲ್ಲಿ ಒಂದು ನಿಂಬೆಹಣ್ಣು ಇಟ್ಟರೆ ಸಾಕು, ಚಾರ್ಟ್ ಬೇಡ.

ಕಾಣಿಕೆ ಟೇಬಲ್, ಬೀದರ್ ಫಲಕ

ಥರ್ಮಾಕೋಲ್ ಹಡಗಿನ ಜಾಗಕ್ಕೆ ಏನಾದರೂ ಬೇಕೇ ಬೇಕು ಎಂದರೆ ಗಾಮ ಕಲ್ಲಿಕೋಟೆಯ ರಾಜ ಸಾಮೂದಿರಿಗೆ ಒಯ್ದ ಕಾಣಿಕೆಗಳನ್ನು ಜೋಡಿಸಿಡಿ: ಗೀರು ಬಟ್ಟೆ 12 ತುಂಡು, ಕೆಂಪು ಕುಲಾವಿ 4, ಟೋಪಿ 6, ಹವಳದ ಸರ 4, ಕೈತೊಳೆಯುವ ಬೋಗುಣಿ 6, ಸಕ್ಕರೆ ಒಂದು ಪೆಟ್ಟಿಗೆ, ಎಣ್ಣೆ 2 ಪೀಪಾಯಿ, ಜೇನು 2 ಪೀಪಾಯಿ. ಅರಮನೆಯ ಅಧಿಕಾರಿಗಳು ನೋಡಿ ನಕ್ಕರು, ಮೆಕ್ಕಾದಿಂದ ಬರುವ ಬಡ ವ್ಯಾಪಾರಿ ಕೂಡ ಇದಕ್ಕಿಂತ ಹೆಚ್ಚು ತರುತ್ತಾನೆ ಎಂದರು. ಈ ಟೇಬಲ್ ಮುಂದೆ ಜನ ನಿಲ್ಲುತ್ತಾರೆ.

ಬೀದರಿನವರು ಒಂದು ಫಲಕ ಹೆಚ್ಚಿಗೆ ಮಾಡಬೇಕು. ಗಾಮನಿಗಿಂತ ಕಾಲು ಶತಮಾನಕ್ಕೂ ಮೊದಲೇ, 1470ರ ಆಸುಪಾಸು, ರಷ್ಯಾದ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿಟಿನ್ ಬೀದರಿಗೆ ಬಂದಿದ್ದ. ಹೋರ್ಮುಜಿನಿಂದ ಹಡಗಿನಲ್ಲಿ ಕೊಂಕಣದ ಚೌಲ್ ಬಂದರಿಗೆ, ಅಲ್ಲಿಂದ ಜುನ್ನರ್ ದಾರಿಯಾಗಿ ಬೀದರ್, ಜೊತೆಗೆ ಮಾರಲು ತಂದ ಒಂದು ಕುದುರೆ. ಕಲಬುರಗಿಯ ಹೆಸರೂ ಅವನ ಬರಹದಲ್ಲಿದೆ. ಬಹಮನಿ ಸೈನ್ಯದ ಕುದುರೆಗಳು ಬರುತ್ತಿದ್ದದ್ದು ಇದೇ ಕಡಲಿನಿಂದ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಗೋವಾ ಬಂದರನ್ನು ಹಿಡಿದ, ಬೀದರಿನ ಮದ್ರಸಾ ಮುಗಿದದ್ದೂ ಅದೇ ವರ್ಷ. ಆ ಗೋವಾವನ್ನೇ 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಪೋರ್ಚುಗೀಸರ ಅಲ್ಬುಕರ್ಕ್ ಕಿತ್ತುಕೊಂಡ. ನೆಲದ ನಕಾಶೆಯಲ್ಲಿ ಬೀದರಿಗೆ ಗುರುತು ಹಾಕಿ (ಉತ್ತರ 18, ಪೂರ್ವ 77½), ಗೋವಾ, ಚೌಲ್, ಹೋರ್ಮುಜ್‌ಗಳಿಗೆ ದಾರ ಎಳೆದರೆ ಕಡಲಿಗೂ ನಮಗೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದಿಲ್ಲ.

ಪ್ರಶ್ನೆ ಕೇಳಿದಾಗ

ತೀರ್ಪುಗಾರರು ಕೇಳುವುದು ಹೆಚ್ಚುಕಡಿಮೆ ಮೂರು. ‘ಭಾರತಕ್ಕೆ ದಾರಿ ಕಂಡುಹಿಡಿದವನು ಇವನೇ ಅಲ್ಲವೇ?’ ಯುರೋಪಿನಿಂದ ಆಫ್ರಿಕಾ ಸುತ್ತಿ ಬರುವ ಪೂರ್ತಿ ಕಡಲ ದಾರಿಯನ್ನು ಮೊದಲು ಮುಗಿಸಿದವನು ಎಂದು ಹೇಳಿ, ನೆಲದ ಎರಡು ಬಣ್ಣ ತೋರಿಸಿ. ‘ರೇಖಾಂಶ ಯಾಕೆ ಅಳೆಯಲಿಲ್ಲ?’ ಅದಕ್ಕೆ ಹಡಗಿನಲ್ಲಿ ನಿಖರವಾಗಿ ಓಡುವ ಗಡಿಯಾರ ಬೇಕು, ಅದು ಬಂದದ್ದು 18ನೇ ಶತಮಾನದಲ್ಲಿ. ಗಾಮನ ಹಡಗಿನಲ್ಲಿದ್ದದ್ದು ತಿರುಗಿಸಿ ಇಡುವ ಅರ್ಧ ಗಂಟೆಯ ಮರಳು ಗಡಿಯಾರ. ಪೂರ್ವ ಪಶ್ಚಿಮದ ಲೆಕ್ಕವೆಲ್ಲ ವೇಗದ ಅಂದಾಜು. ‘ಆಮೇಲೆ ಅವನು ಏನಾದ?’ ಇಲ್ಲಿ ಮುಚ್ಚಿಡಬೇಡಿ. 1502ರಲ್ಲಿ ಎರಡನೇ ಸಲ ಬಂದಾಗ ಮೆಕ್ಕಾ ಯಾತ್ರಿಕರಿದ್ದ ಹಡಗನ್ನು ಜನರ ಸಮೇತ ಸುಟ್ಟ, ಕಲ್ಲಿಕೋಟೆಯ ಮೇಲೆ ಫಿರಂಗಿ ಹಾರಿಸಿದ. 1524ರಲ್ಲಿ ವೈಸರಾಯ್ ಆಗಿ ಮೂರನೇ ಸಲ ಬಂದು, ಆ ಡಿಸೆಂಬರ್ 24ಕ್ಕೆ ಕೊಚ್ಚಿಯಲ್ಲಿ ಸತ್ತ. ಅದಕ್ಕೂ ನೆಲದ ಮೇಲೆ ಒಂದು ಗುರುತು ಹಾಕಿಕೊಳ್ಳಿ: ಉತ್ತರ 10, ಪೂರ್ವ 76¼, ಕಲ್ಲಿಕೋಟೆಯ ಕಲ್ಲಿನ ಕೆಳ ಅಂಚಿಗೇ ಬರುತ್ತದೆ.